ಮಗನ ಪಥ್ಯ, ಸೊಸೆಯ ಪಥ್ಯ, ಮನೆಯ ಪಥ್ಯ

ಹೋದ ವರ್ಷ ಆಷಾಢದ ಒಂದು ಸಂಜೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಬೆಂಗಳೂರಿನಿಂದ ನಮ್ಮ ಕಿರಿಯ ಮಗನ ಫೋನು ಬಂತು. ಅವನಿಗೆ ಮೂವತ್ತಾರು ವಯಸ್ಸು, ಕಂಪ್ಯೂಟರ್ ಕೆಲಸ. ಹದಿನೈದು ದಿನಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದು ತಿಳಿದಿತ್ತು. ಮೂರು ತಿಂಗಳ ಸರಾಸರಿ 8.2 ಬಂದಿತ್ತು. "ಅಪ್ಪಾಜಿ, ಒಂದು ಮಾತು ಕೇಳಬೇಕು, ಸಿಟ್ಟು ಮಾಡಿಕೊಳ್ಳಬೇಡಿ. ಇಲ್ಲಿ ವ್ಯಾಯಾಮ ಕಲಿಸುವವರು ಒಂದು ಪಥ್ಯ ಬರೆದುಕೊಟ್ಟಿದ್ದಾರೆ. ಔಷಧ ಎಂದು ತಿಳಿದು ಮೊಟ್ಟೆ ತಿಂದರೆ ತಪ್ಪಾಗುತ್ತದೆಯೇ?" ಎಂದು ಕೇಳಿದ.

ನಾವು ಹಿಂದೆಮುಂದೆ ನೋಡಲಿಲ್ಲ. "ಹಾಗೆ ಮಾಡುವುದಾದರೆ ಈ ಮನೆಯ ಹೊಸ್ತಿಲು ತುಳಿಯಬೇಡ" ಎಂದು ಗಿರಾಕಿಗಳ ಎದುರಿಗೇ ಹೇಳಿ ಫೋನು ಇಟ್ಟುಬಿಟ್ಟೆವು.

ರಾತ್ರಿ ಮನೆಯವರಿಗೆ ವಿಷಯ ತಿಳಿಸಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇಷ್ಟೇ ಹೇಳಿದರು: "ಅವನು ತಿಂದು ಬಂದು ಹೇಳಲಿಲ್ಲ, ತಿನ್ನುವ ಮೊದಲು ಕೇಳಿದ. ಕೇಳಿದ ಮಗನಿಗೆ ಬಾಗಿಲು ಹಾಕಿದಿರಿ. ಕೇಳದೆ ತಿನ್ನುವ ಮಕ್ಕಳು ಎಷ್ಟು ಮನೆಗಳಲ್ಲಿ ಇದ್ದಾರೋ!" ಆ ಮಾತು ನಮ್ಮನ್ನು ಇರಿಯಿತು. ಈ ಲೇಖನ ಬರೆಯಲು ಆ ಮಾತೇ ಕಾರಣ. ನಾವು ಮೆಟ್ರಿಕ್ ಮಟ್ಟಿಗೆ ಓದಿದವರು, ವೈದ್ಯರಲ್ಲ, ಪಂಡಿತರೂ ಅಲ್ಲ. ಆದರೆ ಇದೇ ಪ್ರಶ್ನೆ ಇಂದು ಅನೇಕ ಸಾಧರ್ಮಿ ಬಂಧುಗಳ ಮನೆಗೆ ಬಂದಿದೆ. ಆದ್ದರಿಂದ ನಾವು ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮರುದಿನ ನಾವೇ ಮಗನಿಗೆ ಫೋನು ಮಾಡಿ, "ದಶಲಕ್ಷಣ ಪರ್ವಕ್ಕೆ ಇಬ್ಬರೂ ಊರಿಗೆ ಬನ್ನಿ, ಆ ಪಥ್ಯದ ಕಾಗದವನ್ನೂ ತನ್ನಿ, ಕುಳಿತು ಮಾತಾಡೋಣ. ಅಲ್ಲಿಯವರೆಗೆ ಮೊಟ್ಟೆ ಮುಟ್ಟಬೇಡ, ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡ" ಎಂದೆವು. ಭಾದ್ರಪದ ಶುದ್ಧ ಪಂಚಮಿಯ ಹಿಂದಿನ ದಿನ ಮಗ ಸೊಸೆ ಇಬ್ಬರೂ ಕಂಬದೂರಿಗೆ ಬಂದರು. ನೋಡಿದರೆ ತಂದದ್ದು ಒಂದು ಕಾಗದವಲ್ಲ, ಎರಡು. ಮಗನ ಪಥ್ಯಕ್ಕೆ ಪೇಲಿಯೋ ಎಂದು ಹೆಸರು. ಸೊಸೆ ಹಿಡಿದ ಪಥ್ಯಕ್ಕೆ ಕ್ಲೀನ್ ಈಟಿಂಗ್ ಎಂದು ಹೆಸರು. ಒಂದೇ ಮನೆಯಲ್ಲಿ ಎರಡು ಪಥ್ಯ, ಎರಡು ಅಡುಗೆ ನಡೆದಿತ್ತು.

ಪೇಲಿಯೋ ಎಂದರೇನು?

ಪೇಲಿಯೋ ಎಂದರೆ ಹಳೆಯ ಶಿಲಾಯುಗದ ಆಹಾರ. ಮನುಷ್ಯ ಲಕ್ಷಾಂತರ ವರ್ಷ ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ಬದುಕಿದ. ಬೇಸಾಯ ಬಂದು ಸುಮಾರು ಹತ್ತು ಸಾವಿರ ವರ್ಷ ಮಾತ್ರ. ನಮ್ಮ ಶರೀರ ಇನ್ನೂ ಧಾನ್ಯಕ್ಕೆ ಒಗ್ಗಿಲ್ಲ, ಅದರಿಂದಲೇ ಸಕ್ಕರೆ ಕಾಯಿಲೆ, ಬೊಜ್ಜು ಎಂಬುದು ಅವರ ವಾದ. 1975ರಲ್ಲಿ ಅಮೆರಿಕದ ವಾಲ್ಟರ್ ವೋಗ್ಟ್‌ಲಿನ್ ಎಂಬ ವೈದ್ಯರು ಈ ಬಗ್ಗೆ ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬಿಬ್ಬರು ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದರು. 2002ರ ಹೊತ್ತಿಗೆ ಲೋರೆನ್ ಕಾರ್ಡೇನ್ ಅವರ ಪುಸ್ತಕದಿಂದ ಇದು ಮನೆಮನೆಗೆ ಮುಟ್ಟಿತು. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿಯಂಥ ಬೀಜಗಳು ಇದರಲ್ಲಿ ಸರಿ. ಅಕ್ಕಿ, ಗೋಧಿ, ರಾಗಿ, ಬೇಳೆಕಾಳು, ಹಾಲು, ಸಕ್ಕರೆ ಇವು ನಿಷಿದ್ಧ. ಶೇಂಗಾ ಸಹ ಕಾಳಿನ ಜಾತಿಯೆಂದು ನಿಷಿದ್ಧ. ಶೇಂಗಾ ನಂಬಿ ಬದುಕಿದ ಅನಂತಪುರ ಜಿಲ್ಲೆಯವರಿಗೆ ಇದನ್ನು ಓದಿ ನಗು ಬರುವುದು ಸಹಜ.

ಕ್ಲೀನ್ ಈಟಿಂಗ್ ಎಂದರೇನು?

ಇದು ಅಷ್ಟು ಕಟ್ಟುನಿಟ್ಟಿನದಲ್ಲ. ಆಹಾರ ಹೊಲದಿಂದ ಬಂದಂತೆಯೇ ಆದಷ್ಟು ಇರಬೇಕು, ಕಾರ್ಖಾನೆಯಲ್ಲಿ ಹೆಚ್ಚು ಕೈ ಬದಲಾಗಿರಬಾರದು ಎಂಬುದು ಇದರ ಸಾರ. ಮೈದಾ, ಬಿಳಿ ಸಕ್ಕರೆ, ಬಣ್ಣ, ಕೆಡದಂತೆ ಬೆರೆಸುವ ರಾಸಾಯನಿಕ ಬೇಡ. ಪಾಲಿಶ್ ಮಾಡದ ಧಾನ್ಯ, ಬೇಳೆ, ಮೊಸರು, ಹಣ್ಣು, ತರಕಾರಿ ಬೇಕು. ಕೆನಡಾದ ಟೋಸ್ಕಾ ರೆನೋ ಅವರ ಪುಸ್ತಕ 2006ರ ಸುಮಾರಿಗೆ ಬಂದ ಮೇಲೆ ಈ ಹೆಸರು ಎಲ್ಲರ ಬಾಯಲ್ಲಿ ಬಂತು. ಮಾಂಸ ತಿನ್ನಲೇಬೇಕೆಂದು ಇದು ಹೇಳುವುದಿಲ್ಲ. ಆದ್ದರಿಂದ ಮೊದಲ ನೋಟಕ್ಕೆ ನಮಗೆ ಸೊಸೆಯ ಕಾಗದವೇ ಹಿಡಿಸಿತು.

ಆದರೆ ಅವರು ತಂದಿದ್ದ ಚೀಲ ಬಿಚ್ಚಿದಾಗ ವ್ಯಾಪಾರಿಯ ಕಣ್ಣಿಗೆ ಬೇರೆಯೇ ಕಂಡಿತು. ದಕ್ಷಿಣ ಅಮೆರಿಕದ ಕಿನ್ವಾ, ಚಿಯಾ ಬೀಜ, ಓಟ್ಸ್, ಸೇಬಿನ ವಿನೆಗರ್, ಜೇನಿನ ಸೀಸೆ. ಎಲ್ಲವೂ ಅಂದವಾದ ಪ್ಯಾಕೆಟ್ಟಿನಲ್ಲಿ. ಕಾರ್ಖಾನೆಯ ಆಹಾರ ಬೇಡ ಎನ್ನುವ ಪಥ್ಯವೂ ಪ್ಯಾಕೆಟ್ಟಿನಲ್ಲೇ ಬರುತ್ತದೆ! ನಾವು ನಕ್ಕಾಗ ಸೊಸೆ, "ಮಾವ, ನಿಮ್ಮ ಅಂಗಡಿಯಲ್ಲೂ ನವಣೆ ಅರ್ಧ ಕಿಲೋ ಪ್ಯಾಕೆಟ್ಟಿನಲ್ಲೇ ಇದೆಯಲ್ಲ" ಎಂದಳು. ಅದಕ್ಕೆ ಉತ್ತರವಿರಲಿಲ್ಲ.

ಎರಡನ್ನೂ ನಮ್ಮ ಆಚಾರಕ್ಕೆ ಹಿಡಿದು ನೋಡಿದರೆ

ಸಂಜೆ ಬಸದಿಯಿಂದ ಬಂದ ಮೇಲೆ ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತೆವು. ಮೊದಲು ಎರಡೂ ಒಪ್ಪುವ ಮಾತುಗಳನ್ನು ಬರೆದೆವು. ಸಕ್ಕರೆ ಬೇಡ, ಮೈದಾ ಬೇಡ, ಕರಿದ ಪ್ಯಾಕೆಟ್ ತಿಂಡಿ ಬೇಡ, ಬಣ್ಣದ ನೀರು ಬೇಡ, ತರಕಾರಿ ಹೆಚ್ಚಿರಲಿ. ಇದರಲ್ಲಿ ನಮ್ಮ ಆಚಾರಕ್ಕೆ ವಿರೋಧ ಯಾವುದೂ ಇಲ್ಲ. ಈ ಪಥ್ಯ ಹಿಡಿದವರಿಗೆ ತೂಕ ಇಳಿದು ಸಕ್ಕರೆ ಹತೋಟಿಗೆ ಬಂದರೆ ಬಹುಪಾಲು ಅದಕ್ಕೆ ಈ ತ್ಯಾಗವೇ ಕಾರಣ ಎಂದು ನಮಗೆ ತೋರಿತು. ಗುಣ ಕಂಡದ್ದಕ್ಕೆ ಮಾಂಸವೇ ಕಾರಣ ಎನ್ನುವುದು ಲೆಕ್ಕ ತಪ್ಪಿದ ಮಾತು.

ಆಮೇಲೆ ನಮ್ಮ ನಿಯಮಗಳಿಗೆ ಹೊಂದದ್ದನ್ನು ಹೊಡೆದುಹಾಕುತ್ತ ಬಂದೆವು. ಪೇಲಿಯೋದಲ್ಲಿ ಮಾಂಸ, ಮೀನು, ಮೊಟ್ಟೆ ಹೋದವು. ಗೆಣಸು, ಗಜ್ಜರಿ, ಮೂಲಂಗಿ ಕಂದಮೂಲವೆಂದು ಹೋದವು. ಅಣಬೆ ಹೋಯಿತು. ಜೇನು ಹೋಯಿತು. ಧಾನ್ಯ, ಕಾಳು, ಹಾಲನ್ನು ಅವರೇ ತೆಗೆದಿದ್ದಾರೆ. ಉಳಿದದ್ದು ಕಾಯಿಪಲ್ಯ, ಹಣ್ಣು, ತೆಂಗಿನಕಾಯಿ, ಬಾದಾಮಿ. ತಮಿಳುನಾಡಿನ ಪೇಲಿಯೋ ಬಳಗದವರು ಶಾಕಾಹಾರಿಗಳಿಗೆ ಬೆಳಿಗ್ಗೆ ನೂರು ಬಾದಾಮಿ ತಿನ್ನಲು ಹೇಳುತ್ತಾರೆ. ನೂರು ಬಾದಾಮಿ ತೂಗಿ ನೋಡಿದೆವು, ನೂರು ಗ್ರಾಂ ಮೀರಿತು. ಅಂದರೆ ಒಬ್ಬನಿಗೆ ತಿಂಗಳಿಗೆ ಮೂರು ಕಿಲೋ ದಾಟುತ್ತದೆ. ವ್ಯಾಪಾರಿಗೆ ಒಳ್ಳೆಯದು, ಸಂಸಾರಕ್ಕೆ ಭಾರ. ಮಾಂಸವೂ ಇಲ್ಲ, ಹಾಲೂ ಇಲ್ಲ ಎಂದರೆ ಬಿ-12 ಜೀವಸತ್ವ ಸಿಗುವ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಪೂರ್ಣ ಪೇಲಿಯೋ ಶ್ರಾವಕನ ಪಥ್ಯವಾಗಲಾರದು.

ಕ್ಲೀನ್ ಈಟಿಂಗ್‌ನಲ್ಲಿ ಹೊಡೆದುಹಾಕಬೇಕಾದ್ದು ಕಡಿಮೆ. ಆದರೂ ಎಚ್ಚರ ಬೇಕು. ಸಕ್ಕರೆಯ ಬದಲು ಜೇನು ಎನ್ನುತ್ತಾರೆ. ಮದ್ಯ, ಮಾಂಸ, ಮಧು ಮೂರನ್ನೂ ಒಟ್ಟಿಗೆ ಬಿಟ್ಟವರು ನಾವು. ಮೊಳಕೆ ಕಾಳು ಎನ್ನುತ್ತಾರೆ. ನಮ್ಮಲ್ಲಿ ಅನೇಕರು ಮೊಳಕೆ ತಿನ್ನುವುದಿಲ್ಲ. ಹುಳಿ ಬರಿಸಿದ ವಿನೆಗರ್ ಎನ್ನುತ್ತಾರೆ. ಅದರ ಕೆಲಸವನ್ನು ನಿಂಬೆಹಣ್ಣು ಮಾಡುತ್ತದೆ. ಮೊಸರಿನಲ್ಲಿ ಕಾಳು ಬೆರೆಸಿ ಸಾಲಡ್ ಎನ್ನುತ್ತಾರೆ. ದ್ವಿದಳದ ನಿಯಮ ಪಾಲಿಸುವವರಿಗೆ ಅದು ಸಲ್ಲದು. ಇಷ್ಟು ತಿದ್ದಿಕೊಂಡರೆ ಉಳಿದದ್ದು ನಮ್ಮ ಅಜ್ಜಿಯರ ಅಡುಗೆಮನೆಯಿಂದ ದೂರವಿಲ್ಲ.

ನಮ್ಮ ನೆಲದ ಶಿಲಾಯುಗ

ಮಗ ಸುಲಭವಾಗಿ ಒಪ್ಪಲಿಲ್ಲ. "ಅಪ್ಪಾಜಿ, ಪೂರ್ವಜರ ಶರೀರಕ್ಕೆ ಧಾನ್ಯವೇ ಗೊತ್ತಿರಲಿಲ್ಲ ಎನ್ನುತ್ತಾರಲ್ಲ" ಎಂದ. ನಮಗೂ ಅದು ಸರಿಯಾದ ಪ್ರಶ್ನೆ ಅನ್ನಿಸಿತು. ಪರಿಚಯದ ಕಾಲೇಜು ಮೇಷ್ಟರೊಬ್ಬರನ್ನು ಕೇಳಿದೆವು. ಅವರು ಹೇಳಿದ ಸಂಗತಿ ಕುತೂಹಲದ್ದು.

ಇಟಲಿ ದೇಶದಲ್ಲಿ ಸಿಕ್ಕಿದ ಸುಮಾರು ಮೂವತ್ತು ಸಾವಿರ ವರ್ಷ ಹಳೆಯ ಬೀಸುವ ಕಲ್ಲುಗಳ ಮೇಲೆ ಸಸ್ಯದ ಹಿಟ್ಟಿನ ಕಣಗಳು ಅಂಟಿದ್ದವು ಎಂದು 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಜೋರ್ಡಾನ್ ದೇಶದಲ್ಲಿ ಹದಿನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ರೊಟ್ಟಿಯ ಚೂರುಗಳು ಸಿಕ್ಕಿದ ಸಂಗತಿ 2018ರಲ್ಲಿ ಪ್ರಕಟವಾಯಿತು. ಅಂದರೆ ಬೇಸಾಯ ಕಲಿಯುವ ಮೊದಲೇ ಮನುಷ್ಯ ಕಾಡಿನ ಕಾಳು ಬೀಸಿ ರೊಟ್ಟಿ ತಟ್ಟುತ್ತಿದ್ದ. ಶರೀರ ಬದಲಾಗಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ ಪಶುಪಾಲನೆ ಬಂದ ಮೇಲೆಯೇ ಅನೇಕ ಜನಾಂಗಗಳಲ್ಲಿ ಹರಡಿದ್ದು.

ಇನ್ನು ನಮ್ಮ ಸೀಮೆಯ ಮಾತು. ಕಲ್ಯಾಣದುರ್ಗದ ಕಡೆಯ ಪಾಲವಾಯಿಯಲ್ಲಿ ಹೊಸ ಶಿಲಾಯುಗದವರ ಬೂದಿದಿಬ್ಬ ಇದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಅದೇ ಕಾಲದ ದೊಡ್ಡ ನೆಲೆ ಇದೆ. ಕಲ್ಲಿನ ಕೊಡಲಿ ಹಿಡಿದಿದ್ದ ಆ ಜನ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಏನು ತಿನ್ನುತ್ತಿದ್ದರು ಎಂಬುದನ್ನು ಸುಟ್ಟ ಕಾಳುಗಳಿಂದ ಗುರುತಿಸಿದ್ದಾರೆ: ಕೊರಲೆ, ಹುರುಳಿ, ಹೆಸರು. ಅವರು ದನ ಸಾಕುತ್ತಿದ್ದರು, ಮಾಂಸವನ್ನೂ ತಿನ್ನುತ್ತಿದ್ದರು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಇವರು ಹಳೆಯ ಶಿಲಾಯುಗದವರಲ್ಲ, ಹೊಸ ಶಿಲಾಯುಗದವರು ಎಂಬುದೂ ನಿಜ. ಆದರೆ ಈ ಕೆಂಪು ನೆಲದಲ್ಲಿ ಮನುಷ್ಯ ಊರು ಕಟ್ಟಿ ನಿಂತದ್ದು ಹುರುಳಿಯ ಬಲದಿಂದ ಎಂಬುದೂ ಅಷ್ಟೇ ನಿಜ. ತೆಲುಗಿನವರು ಅಂಡುಕೊರ್ರಲು ಎನ್ನುವ ಕೊರಲೆಯನ್ನು ಇಂದಿಗೂ ಈ ಗಡಿಯಲ್ಲಿ ಬೆಳೆಯುತ್ತಾರೆ. ಶಿಲಾಯುಗದ ಹೆಸರಿನಲ್ಲಿ ಹುರುಳಿ ಬಿಡು ಎಂದು ನಮ್ಮ ಸೀಮೆಯವರಿಗೆ ಹೇಳುವುದು ಎಷ್ಟು ಸರಿ?

ನಮ್ಮ ಕಂಬದೂರು ಒಂದು ಕಾಲಕ್ಕೆ ಜೈನರ ದೊಡ್ಡ ನೆಲೆ. ಊರಿನ ಹಳೆಯ ಗುಡಿಗಳು ಮೊದಲು ಬಸದಿಗಳಾಗಿದ್ದವು ಎಂದು ತಿಳಿದವರು ಬರೆದಿದ್ದಾರೆ. ಅಲ್ಲಿ ಪೂಜೆ ಮಾಡಿಸಿದ ಶ್ರಾವಕರು ಸಹ ಮಳೆ ಕಡಿಮೆಯಾದ ಈ ನೆಲದಲ್ಲೇ ಬಾಳಿದವರು. ಕಿನ್ವಾ ಕಾಣದೆ, ಮೊಟ್ಟೆ ಮುಟ್ಟದೆ ಬಾಳಿದರು.

ನಮ್ಮ ಅಂಗಡಿಯ ತಪ್ಪು

ಹಾಗಾದರೆ ನಮ್ಮ ಮಗನಿಗೆ ಮೂವತ್ತಾರಕ್ಕೇ ಸಕ್ಕರೆ ಕಾಯಿಲೆ ಏಕೆ ಬಂತು? ನಮ್ಮ ಆಹಾರ ಅಷ್ಟು ಶ್ರೇಷ್ಠವಾಗಿದ್ದರೆ ಬರಬಾರದಿತ್ತಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಲಿಲ್ಲ, ನಮ್ಮ ಅಂಗಡಿಯ ಮೂಟೆಗಳನ್ನು ನೋಡಿದರೆ ಸಾಕಾಯಿತು.

ನಾವು ಮೆಟ್ರಿಕ್ ಮುಗಿಸಿ ಗಲ್ಲಾಕ್ಕೆ ಕುಳಿತಾಗ ಅಂಗಡಿಯಲ್ಲಿ ನವಣೆ, ಸಾಮೆ, ಜೋಳ, ರಾಗಿ, ಹುರುಳಿಯ ಮೂಟೆಗಳು ಮುಂದೆ ಇರುತ್ತಿದ್ದವು. ಅಕ್ಕಿ ಹಬ್ಬದ ಸರಕು. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡಲಾರಂಭಿಸಿತು. ಬಡವರ ಹೊಟ್ಟೆ ತುಂಬಿತು, ಅದು ದೊಡ್ಡ ಉಪಕಾರವೇ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸಂಗಟಿ, ನವಣೆ ಅನ್ನ ಬಡತನದ ಗುರುತಾಗಿ ಹಿಂದೆ ಸರಿದವು. ಹೊಲಗಳಲ್ಲಿ ಧಾನ್ಯ ಹೋಗಿ ಶೇಂಗಾ ಬಂತು. ನಾವೂ ನವಣೆಯ ಮೂಟೆ ಎತ್ತಿ ಆ ಜಾಗದಲ್ಲಿ ಪಾಲಿಶ್ ಅಕ್ಕಿ ಇಟ್ಟೆವು. ಆಮೇಲೆ ಮೈದಾ, ಪಾಮಾಯಿಲ್, ಬಿಸ್ಕತ್ತು, ಕುರುಕಲು ತಿಂಡಿಯ ಮಾಲೆ. ಲಾಭ ಅದರಲ್ಲೇ ಇತ್ತು. ಅಂಗಡಿಯ ಅದೇ ಬಿಸ್ಕತ್ತು ತಿಂದು ನಮ್ಮ ಮಕ್ಕಳು ಬೆಳೆದರು. ಕಂದಮೂಲ ಇಲ್ಲ ಎಂಬ ಗುರುತು ನೋಡಿದೆವು, ಒಳಗೆ ಮೈದಾ ಸಕ್ಕರೆ ಎಷ್ಟಿದೆ ಎಂದು ನೋಡಲಿಲ್ಲ. ಶುಭಕಾರ್ಯ ಎಂದರೆ ಮೂರು ಬಗೆ ಸಿಹಿ, ಎರಡು ಬಗೆ ಕರಿದದ್ದು. ಮಾಂಸ ತಿನ್ನದ ಮಾತ್ರಕ್ಕೆ ಆರೋಗ್ಯ ತಾನಾಗಿ ಬರುತ್ತದೆಂದು ನಂಬಿದ್ದು ನಮ್ಮ ತಪ್ಪು.

2017–18ರ ಸುಮಾರಿಗೆ ತೆಲುಗು ನಾಡಿನಲ್ಲಿ ವೀರಮಾಚನೇನಿ ರಾಮಕೃಷ್ಣ ಅವರ ಪಥ್ಯ ಮನೆಮಾತಾಯಿತು. ಅನ್ನ ಬಿಟ್ಟು ಜಿಡ್ಡು ಹೆಚ್ಚಿಸುವ ಪಥ್ಯ ಅದು. ಗಿರಾಕಿಗಳು ಕೊಬ್ಬರಿ ಎಣ್ಣೆ ಕೇಳಿಕೊಂಡು ಬಂದರು. ಆಮೇಲೆ ಮೈಸೂರಿನ ಖಾದರ್ ವಲಿ ಅವರ ಸಿರಿಧಾನ್ಯದ ಮಾತು ಹಬ್ಬಿತು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಗ ಗಿರಾಕಿಗಳು ನವಣೆ ಕೇಳಿದರು. ನಾವು ಎರಡನ್ನೂ ತರಿಸಿ ಮಾರಿದೆವು, ನಮ್ಮ ಮನೆಯ ಒಲೆಯ ಮೇಲೆ ಮಾತ್ರ ಬಿಳಿ ಅನ್ನವೇ ಬೆಂದಿತು.

ಲೆಕ್ಕದ ಎರಡು ಕಡೆ

ಪರ್ವದ ದಿನಗಳಲ್ಲಿ ಒಂದು ದಿನ ಬಸದಿಯಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಸ್ವಾಧ್ಯಾಯ ನಡೆಯಿತು. ಹಸಿಶುಂಠಿ, ಮೂಲಂಗಿ ಮೊದಲಾದವನ್ನು ಏಕೆ ಬಿಡಬೇಕು ಎಂಬಲ್ಲಿ ಆಚಾರ್ಯರು ಕೊಡುವ ಕಾರಣ ವ್ಯಾಪಾರಿಗೆ ಒಡನೆ ಅರ್ಥವಾಗುವಂಥದು: ಸಿಗುವ ಫಲ ಅಲ್ಪ, ಆಗುವ ಜೀವಹಾನಿ ಅಧಿಕ. ಮಗನ ಕಡೆ ನೋಡಿದೆವು, ಅವನೂ ನಮ್ಮ ಕಡೆ ನೋಡಿದ.

ಮನೆಗೆ ಬಂದು ಹೇಳಿದೆವು: "ನೋಡಪ್ಪ, ನಿನ್ನ ಪಥ್ಯವಾಗಲಿ, ಅವಳ ಪಥ್ಯವಾಗಲಿ ಲೆಕ್ಕದ ಒಂದೇ ಕಡೆ ಬರೆದಿವೆ. ನನ್ನ ದೇಹಕ್ಕೆ ಏನು ಜಮಾ ಆಯಿತು ಎಂಬುದಷ್ಟೇ ಅಲ್ಲಿದೆ. ಆ ಜಮಾಕ್ಕೆ ಯಾವ ಜೀವ ಖರ್ಚಾಯಿತು ಎಂಬ ಕಡೆ ಖಾಲಿ ಬಿಟ್ಟಿದ್ದಾರೆ. ಖರ್ಚು ಬರೆಯದ ಖಾತೆಯಲ್ಲಿ ಯಾವಾಗಲೂ ಲಾಭವೇ ಕಾಣುತ್ತದೆ."

ಅವನೆಂದ: "ಫಾರಮಿನ ಮೊಟ್ಟೆಯಲ್ಲಿ ಜೀವವಿಲ್ಲ ಎನ್ನುತ್ತಾರೆ ಅಪ್ಪಾಜಿ." ನಾವೆಂದೆವು: "ಮೊಟ್ಟೆ ಇಡುವ ತಳಿಯಲ್ಲಿ ಹುಟ್ಟಿದ ಗಂಡುಮರಿ ಮೊಟ್ಟೆ ಇಡುವುದಿಲ್ಲ. ಅದನ್ನು ಸಾಕಿದರೆ ನಷ್ಟವೆಂದು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಆ ಖರ್ಚು ಯಾರ ಖಾತೆಗೆ? ಒಲೆ ಹಚ್ಚಿದರೂ ಹಿಂಸೆ ಉಂಟು, ಅದು ಗೃಹಸ್ಥನಿಗೆ ತಪ್ಪದ ಆರಂಭಿ ಹಿಂಸೆ. ತಿಳಿದು ತಿಳಿದು ಮಾಡುವ ಸಂಕಲ್ಪಿ ಹಿಂಸೆಯನ್ನಾದರೂ ಬಿಡಬೇಕಲ್ಲವೇ?"

ಆಗ ಸೊಸೆ ಮೆಲ್ಲಗೆ ಕೇಳಿದಳು: "ಹಾಗಾದರೆ ಹಾಲಿನ ಲೆಕ್ಕ ಹೇಗೆ ಮಾವ? ಗಂಡುಕರುವಿನ ಗತಿಯೂ ಅದೇ ಅಲ್ಲವೇ?" ಈ ಪ್ರಶ್ನೆ ನಮಗೆ ನಾಟಿತು. ಹಿಂದೆ ಗಂಡುಕರು ಎತ್ತಾಗಿ ಹೊಲಕ್ಕೆ ಹೋಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಪ್ಯಾಕೆಟ್ ಹಾಲು ಕುಡಿಯುವ ನಮ್ಮ ಖಾತೆಯಲ್ಲೂ ಬರೆಯದ ಖರ್ಚು ಉಂಟೆಂದು ಒಪ್ಪಿಕೊಂಡೆವು. ಗೋಶಾಲೆಗೆ ಕೊಡುವುದನ್ನು ಹೆಚ್ಚಿಸಿದೆವು, ಸಿಹಿಗೆ ಸುರಿಯುತ್ತಿದ್ದ ಹಾಲನ್ನು ಕಡಿಮೆ ಮಾಡಿದೆವು. ಇದು ಪೂರ್ತಿ ಉತ್ತರವಲ್ಲ. ಮಕ್ಕಳು ಕೇಳಿದ ಪ್ರಶ್ನೆಯನ್ನು ಅವರಿಗಷ್ಟೇ ತಿರುಗಿಸಿ ನಾವು ಪಾರಾಗಬಾರದು ಎಂದು ಇಲ್ಲಿ ಬರೆದಿದ್ದೇವೆ.

ವೈದ್ಯರು ಹೇಳಿದ್ದು, ಮನೆಯಲ್ಲಿ ಮಾಡಿದ್ದು

ಪರ್ವ ಮುಗಿದ ಮೇಲೆ ಅನಂತಪುರದಲ್ಲಿ ನಮಗೆ ನಂಬಿಕೆಯ ವೈದ್ಯರೊಬ್ಬರಲ್ಲಿಗೆ ಮೂವರೂ ಹೋದೆವು. ಮೊಟ್ಟೆ ಇಲ್ಲದೆ ಸಕ್ಕರೆ ಇಳಿಯುವುದೇ ಎಂದು ಕೇಳಿದೆವು. ಅವರು ನಗುತ್ತ, "ಇಳಿಯುತ್ತದೆ. ಆದರೆ ಇಷ್ಟು ದಿನ ಉಂಡಂತೆ ಉಂಡರೆ ಇಳಿಯುವುದಿಲ್ಲ" ಎಂದರು. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45 ಮೀರಬಾರದು. ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಪಲ್ಯ ಉಪ್ಪಿನಕಾಯಿಯಷ್ಟು! ಇದನ್ನು ತಿರುಗಿಸಿರಿ, ಕಾಳು ಹೆಚ್ಚಿಸಿರಿ, ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದರು. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನವಣೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದ್ದು, ನಾರಿನ ಅಂಶ ಪಾಲಿಶ್ ಅಕ್ಕಿಗಿಂತ ಬಹಳ ಹೆಚ್ಚು. ರಾಗಿಯಲ್ಲಿ ನೂರು ಗ್ರಾಂಗೆ 350 ಮಿಲಿಗ್ರಾಂ ಸುಮಾರು ಸುಣ್ಣದ ಅಂಶವಿದೆ. ಆದರೆ ಸಿರಿಧಾನ್ಯವೂ ಧಾನ್ಯವೇ, ಗುಡ್ಡದಷ್ಟು ಉಂಡರೆ ಸಕ್ಕರೆ ಏರುತ್ತದೆ ಎಂದೂ ಎಚ್ಚರಿಸಿದರು.

ಎರಡು ಮಾತು ವಾಚಕರಿಗೆ ಮುಖ್ಯ. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಗೇ ಅನ್ನ ಬಿಟ್ಟರೆ, ಇಲ್ಲವೆ ಉಪವಾಸ ಮಾಡಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಅಷ್ಟಮಿ, ಚತುರ್ದಶಿ, ಪರ್ವದ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಬೇಕು. ಎರಡನೆಯದು, ಶುದ್ಧ ಶಾಕಾಹಾರಿಗಳು ಬಿ-12 ಪರೀಕ್ಷೆ ಮಾಡಿಸಿಕೊಳ್ಳಬೇಕು. ನಮ್ಮ ಮೂವರಲ್ಲಿ ಇಬ್ಬರಿಗೆ ಕಡಿಮೆ ಬಂತು.

ಈಗ ನಮ್ಮ ಮನೆಯಲ್ಲಿ ಒಂದೇ ಅಡುಗೆ. ಬೆಳಿಗ್ಗೆ ಹೆಸರುಬೇಳೆ ದೋಸೆ, ಇಲ್ಲವೆ ತರಕಾರಿ ಹಾಕಿದ ನವಣೆ ಉಪ್ಪಿಟ್ಟು. ಮಧ್ಯಾಹ್ನ ಸಣ್ಣ ರಾಗಿಮುದ್ದೆ ಒಂದು, ಹುರುಳಿಕಟ್ಟಿನ ಸಾರು, ಹೀರೆ, ಬೆಂಡೆ, ಗೋರಿಕಾಯಿಯಂಥ ಎರಡು ಪಲ್ಯ, ಮಜ್ಜಿಗೆ ಬೇರೆ ಹೊತ್ತಿಗೆ. ತಿನ್ನಲು ಒಂದು ಹಿಡಿ ಹುರಿದ ಶೇಂಗಾ. ಮಗನಿಗೆ ಬಾದಾಮಿ ದಿನಕ್ಕೆ ಹತ್ತು, ನೂರಲ್ಲ. ಅವನು ಪೇಲಿಯೋದಿಂದ ಅನ್ನ ಸಕ್ಕರೆ ಬಿಡುವ ಧೈರ್ಯ ತೆಗೆದುಕೊಂಡ, ಸೊಸೆ ಕ್ಲೀನ್ ಈಟಿಂಗ್‌ನಿಂದ ಪ್ಯಾಕೆಟ್ಟಿನ ಹಿಂಬದಿ ಓದುವ ಅಭ್ಯಾಸ ತಂದಳು. ಎರಡೂ ಒಳ್ಳೆಯವೇ. ಆರು ತಿಂಗಳಿಗೆ ಅವನ ಸರಾಸರಿ 8.2ರಿಂದ 7.1ಕ್ಕೆ ಇಳಿಯಿತು. ಮಾತ್ರೆ ಇನ್ನೂ ಇದೆ. ಪವಾಡ ಎಂದು ನಾವು ಹೇಳುವುದಿಲ್ಲ.

ನಾಲ್ಕು ತಪಗಳು

ಆರು ಬಾಹ್ಯ ತಪಗಳಲ್ಲಿ ಮೊದಲ ನಾಲ್ಕು ಆಹಾರಕ್ಕೇ ಸೇರಿದವು. ಅನಶನ ಎಂದರೆ ಉಣ್ಣದಿರುವುದು. ಅವಮೌದರ್ಯ ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ವೃತ್ತಿಪರಿಸಂಖ್ಯಾನ ಎಂದರೆ ಇಷ್ಟೇ ಎಂದು ಗೊತ್ತುಮಾಡಿಕೊಳ್ಳುವುದು. ರಸಪರಿತ್ಯಾಗ ಎಂದರೆ ತುಪ್ಪ, ಸಿಹಿ, ಉಪ್ಪು ಮೊದಲಾದ ರಸ ಬಿಡುವುದು. ಇವು ಮುಖ್ಯವಾಗಿ ಮುನಿಗಳಿಗೆ ಹೇಳಿದ್ದು, ತೂಕ ಇಳಿಸಲು ಹೇಳಿದ್ದಲ್ಲ. ಇಂದ್ರಿಯ ಗೆಲ್ಲಲು ಹೇಳಿದ್ದು. ಆದರೆ ಗೃಹಸ್ಥ ಇವನ್ನು ಸ್ವಲ್ಪವಾದರೂ ಪಾಲಿಸಿದರೆ ದೇಹಕ್ಕೂ ಒಳಿತು ಎಂಬುದರಲ್ಲಿ ಸಂದೇಹವಿಲ್ಲ. ಪಥ್ಯದ ಪುಸ್ತಕಗಳು ಏನು ತಿನ್ನಬೇಕೆಂದು ಹೇಳುತ್ತವೆ, ಸಾಕು ಎನ್ನುವುದನ್ನು ಕಲಿಸುವುದು ಕಡಿಮೆ.

ರಾತ್ರಿ ಭೋಜನದ ಮಾತು ಬಂದಾಗ ನಾವೇ ತಲೆ ತಗ್ಗಿಸಬೇಕಾಯಿತು. ಮಕ್ಕಳಿಗೆ ನಿಯಮ ಹೇಳುವ ನಾವು ಒಂಬತ್ತಕ್ಕೆ ಅಂಗಡಿ ಮುಚ್ಚಿ ಒಂಬತ್ತೂವರೆಗೆ ಉಣ್ಣುತ್ತಿದ್ದೆವು. ವ್ಯಾಪಾರಿ ಕುಟುಂಬಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಮಾತು. ಈಗ ಸಂಜೆ ಐದೂವರೆಗೆ ಮನೆಯಿಂದ ಡಬ್ಬಿ ಬರುತ್ತದೆ. ಹೊತ್ತು ಮುಳುಗುವ ಮೊದಲೇ ಅಂಗಡಿಯ ಒಳಕೋಣೆಯಲ್ಲಿ ಊಟ ಮುಗಿಸುತ್ತೇವೆ. ಗಿರಾಕಿ ಹತ್ತು ನಿಮಿಷ ಕಾಯುತ್ತಾರೆ, ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ.

ಕೊನೆಗೆ ಒಂದು ಮಾತು. ಸೊಸೆಯ ಪಥ್ಯದಲ್ಲಿ ಕ್ಲೀನ್ ಎಂದರೆ ಶುದ್ಧ. ನಾವೂ ಶುದ್ಧ ಎಂಬ ಶಬ್ದವನ್ನೇ ಆಡುತ್ತೇವೆ. ನನ್ನದು ಶುದ್ಧ ಎಂದೊಡನೆ ಪಕ್ಕದವನದು ಅಶುದ್ಧವಾಗಿಬಿಡುತ್ತದೆ. ಶುದ್ಧಾಹಾರದ ಹಂಬಲವೇ ಮಿತಿ ಮೀರಿ ರೋಗವಾಗುವುದನ್ನು ಕಂಡು ಅಮೆರಿಕದ ಸ್ಟೀವನ್ ಬ್ರಾಟ್‌ಮನ್ ಎಂಬ ವೈದ್ಯರು 1997ರಲ್ಲಿ ಅದಕ್ಕೊಂದು ಹೆಸರನ್ನೇ ಇಟ್ಟರು. ನಾವು ಅಂದು ಫೋನಿನಲ್ಲಿ ಆಡಿದ್ದೂ ಅದೇ ಅಹಂಕಾರದ ಮಾತು. ತಟ್ಟೆ ಶುದ್ಧವಾಗಿತ್ತು, ನಾಲಿಗೆ ಶುದ್ಧವಾಗಿರಲಿಲ್ಲ. ಅಹಿಂಸೆ ತಟ್ಟೆಯಲ್ಲಿ ಇದ್ದಷ್ಟೇ ಮಾತಿನಲ್ಲೂ ಇರಬೇಕು.

ಆದ್ದರಿಂದ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ನಿಮ್ಮ ಮಕ್ಕಳು ಇಂಥ ಪಥ್ಯದ ಕಾಗದ ತಂದರೆ ಹರಿದು ಎಸೆಯಬೇಡಿ, ಜೊತೆಗೆ ಕುಳಿತು ಓದಿ. ಅದರಲ್ಲಿ ಒಳ್ಳೆಯದನ್ನು ಒಪ್ಪಿ, ಬರೆಯದೆ ಬಿಟ್ಟ ಖರ್ಚನ್ನು ತೋರಿಸಿ. ತೋರಿಸುವ ಮೊದಲು ನಮ್ಮ ಅಡುಗೆಮನೆಯ ಖಾತೆಯನ್ನೂ ಒಮ್ಮೆ ತೆರೆದು ನೋಡಿಕೊಳ್ಳೋಣ. ನಮ್ಮ ಮಗ ಮೊಟ್ಟೆ ಮುಟ್ಟಲಿಲ್ಲ. ನಮ್ಮ ಗದರಿಕೆಗೆ ಹೆದರಿ ಬಿಟ್ಟೆಯಾ ಎಂದು ಕೇಳಿದಾಗ ಅವನೆಂದ: "ಇಲ್ಲ ಅಪ್ಪಾಜಿ, ಮರುದಿನ ನೀವೇ ಫೋನು ಮಾಡಿದಿರಲ್ಲ, ಅದಕ್ಕೆ."

ಈ ಬರಹದಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಬೇಕು. ಜೈ ಜಿನೇಂದ್ರ.